ಸ್ಪ್ಯಾನಿಶ್‌ನಲ್ಲಿ "ಸುಮ್ನಿರಿ" ಅನ್ನೋದು ಹೇಗೆ?

ಸ್ಪೇನ್‌ಗೋ ಮೆಕ್ಸಿಕೋಗೋ ಹೊಸದಾಗಿ ಹೋಗುವವರಿಗೆ ಒಂದು ಸಲಹೆ. ಪಕ್ಕದವರ ಗಲಾಟೆ ತಡೆಯಕ್ಕಾಗದೆ ಇದ್ದಾಗ ಆ್ಯಪ್ ನೋಡಿ "ಕಾಯಾತೆ" ಅಂದುಬಿಡಬೇಡಿ. ಅದು ನಮ್ಮ "ಬಾಯ್ಮುಚ್ಚು" ಇದ್ದ ಹಾಗೆ. ಗೆಳೆಯರು ತಮಾಷೆಗೆ ಹೇಳಿಕೊಳ್ತಾರೆ, ಅಪರಿಚಿತರಿಗೆ ಹೇಳಿದರೆ ಜಗಳವೇ.

ಅಲ್ಲೂ ನೀನು, ನೀವು ಇದೆ: "ತೂ" ಮತ್ತು "ಉಸ್ತೆದ್". ಆದರೆ "ಉಸ್ತೆದ್" ಲೆಕ್ಕದಲ್ಲಿ "ಕಾಯೆಸೆ" ಅಂದರೂ ಒರಟೇ, "ಬಾಯಿ ಮುಚ್ಚಿ ಸ್ವಾಮಿ" ಅಂದ ಹಾಗಾಗುತ್ತೆ ಅಷ್ಟೇ! ಅದಕ್ಕೇ ಆಜ್ಞೆ ಬಿಟ್ಟು ಪ್ರಶ್ನೆ ಕೇಳಿ: "ಪೊದ್ರಿಯಾ ಅಬ್ಲಾರ್ ಮಾಸ್ ಬಾಹೊ, ಪೋರ್ ಫಬೋರ್?" ಅಂದರೆ ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ, ದಯವಿಟ್ಟು. ಹಿರಿಯರು, ಪಕ್ಕದ ಮನೆಯವರು, ಬಸ್ಸಲ್ಲಿ ಕೂತವರು, ಯಾರಿಗಾದರೂ ನಡೆಯುತ್ತೆ. ಕ್ಲಾಸಲ್ಲಿ, ಲೈಬ್ರರಿಯಲ್ಲಿ "ಸಿಲೆನ್ಸಿಯೊ, ಪೋರ್ ಫಬೋರ್" ಸಾಕು. ಮಕ್ಕಳಿಗೆ "ಚಿತೋನ್" ಅನ್ನಬಹುದು, ನಮ್ಮ "ಶ್" ಥರ.

"ಸಿಯೆರ್ರಾ ಎಲ್ ಪೀಕೊ" ಅಂತಲೂ ಕೇಳಿಸಬಹುದು. ಕೊಕ್ಕು ಮುಚ್ಚು ಅಂತ ಅರ್ಥ, ಕೇಳಿ ನಕ್ಕುಬಿಡಿ, ನೀವು ಬಳಸಬೇಡಿ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಕಡೆ "ಕಾಯಾತೆ" ಹೋಗಿ "ಕಷಾತೆ" ಆಗುತ್ತೆ, ಗಾಬರಿಯಾಗಬೇಡಿ.

2007ರಲ್ಲಿ ಚಿಲಿಯ ಸಮ್ಮೇಳನದಲ್ಲಿ ಸ್ಪೇನ್ ರಾಜ ಹುವಾನ್ ಕಾರ್ಲೋಸ್ ವೆನೆಜುವೆಲಾ ಅಧ್ಯಕ್ಷ ಚಾವೆಸ್‌ಗೆ "ಪೋರ್ ಕೆ ನೊ ತೆ ಕಾಯಾಸ್?" ಅಂದುಬಿಟ್ಟರು. ನೀನು ಯಾಕೆ ಸುಮ್ನಿರಲ್ಲ ಅಂತ, ಅದೂ ಏಕವಚನದಲ್ಲಿ. ಜನ ಅದನ್ನ ಮೊಬೈಲ್ ರಿಂಗ್‌ಟೋನ್ ಮಾಡಿಕೊಂಡರು. ರಾಜರಿಗೆ ನಡೆಯಿತು, ಬಾಡಿಗೆ ಮನೆಯಲ್ಲಿರೋ ನಮಗೆ ನಡೆಯಲ್ಲ ಅಲ್ವಾ?