ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಪರದೆ ಸರಿಸಿ

ಮಕ್ಕಳ ಫೋಟೋ ತೆಗೆಯಲು ಯಾರ ಮನೆಗೆ ಹೋದರೂ ನಾನು ಮೊದಲು ಮಾಡುವ ಕೆಲಸ ಟ್ಯೂಬ್‌ಲೈಟ್ ಆರಿಸುವುದು. ಮನೆಯವರಿಗೆ ಗಾಬರಿ. ಫೋಟೋದವರು ಬರುತ್ತಾರೆ ಅಂತ ಇರೋ ಬರೋ ದೀಪವನ್ನೆಲ್ಲ ಹಾಕಿಟ್ಟಿರುತ್ತಾರೆ. "ಕತ್ತಲಾಗಲ್ವಾ?" ಎಂದು ಕೇಳುತ್ತಾರೆ. ಆಗುತ್ತದೆ, ಕೋಣೆಯ ಮೂಲೆಗಳಲ್ಲಿ. ಕಿಟಕಿ ಪಕ್ಕ ಆಗುವುದಿಲ್ಲ. ನನಗೆ ಬೇಕಾಗಿರುವುದೂ ಅಷ್ಟೇ ಜಾಗ.

ಕಿಟಕಿಯ ಬೆಳಕಿಗೆ ಸ್ವಲ್ಪ ನೀಲಿ ಛಾಯೆ, ಮನೆಯ ಬಲ್ಬಿಗೆ ಹಳದಿ. ನಮ್ಮ ಕಣ್ಣು ಹೊಂದಿಕೊಂಡು ಎರಡನ್ನೂ ಬಿಳಿ ಎಂದೇ ಒಪ್ಪಿಕೊಳ್ಳುತ್ತದೆ. ಕ್ಯಾಮೆರಾ ಒಪ್ಪುವುದಿಲ್ಲ. ಮಗುವಿನ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾದಲ್ಲಿರುವ ವೈಟ್ ಬ್ಯಾಲೆನ್ಸ್‌ನಲ್ಲಿ ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಸಾಲದ್ದಕ್ಕೆ ಅಗ್ಗದ ಎಲ್‌ಇಡಿ ದೀಪಗಳು ಮಿಣುಕುತ್ತವೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಶಟರ್ ವೇಗ ಹೆಚ್ಚಿಸಿದರೆ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು ಕಡಿಮೆ ಮಾಡಿದರೆ, ಫೋಟೋದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ.

ಆಮೇಲೆ ಕಿಟಕಿ ಹುಡುಕುತ್ತೇನೆ. ಉತ್ತರದ ಕಿಟಕಿ ಹುಡುಕಿ, ಅಲ್ಲಿ ದಿನವಿಡೀ ಮೆದು ಬೆಳಕು ಇರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ಯುರೋಪಿಗೆ ಬಹುಮಟ್ಟಿಗೆ ಸರಿ. ನಾವಿರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗೆ. ಬೆಂಗಳೂರು, ಮೈಸೂರು ಕಡೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯನೇ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಹುಟ್ಟುವುದಂತೂ ಮಾರ್ಚ್ ಕೊನೆಯಿಂದಲೇ ಪೂರ್ವಕ್ಕಿಂತ ಉತ್ತರಕ್ಕೆ ವಾಲಿ. ಹಾಗಾಗಿ ಮೇ, ಜೂನ್ ತಿಂಗಳ ಬೆಳಿಗ್ಗೆ ಉತ್ತರದ ಕಿಟಕಿಯಲ್ಲೂ ಓರೆಯಾಗಿ ಬಿಸಿಲು ನುಗ್ಗುತ್ತದೆ. ಮಧ್ಯಾಹ್ನದ ಬಿಸಿಲನ್ನು ಸಜ್ಜಾ ತಡೆಯುತ್ತದೆ ಅನ್ನೋದೊಂದೇ ಸಮಾಧಾನ. ಅದಕ್ಕೇ ನಾನು ದಿಕ್ಕು ಕೇಳುವುದಿಲ್ಲ. ನನ್ನ ಅಂಗೈಯನ್ನು ಕಿಟಕಿ ಮುಂದೆ ಹಿಡಿದು ನೋಡುತ್ತೇನೆ. ಬೆರಳಿನ ನೆರಳು ಗೆರೆ ಎಳೆದ ಹಾಗೆ ಬಿದ್ದರೆ ಆ ಕಿಟಕಿ ಈಗ ಬೇಡ, ಇಲ್ಲವೇ ಬಟ್ಟೆ ಕಟ್ಟಬೇಕು. ನೆರಳಿನ ಅಂಚು ಕರಗಿದ್ದರೆ ಅದೇ ಜಾಗ.

ಕಟ್ಟಲು ಬಿಳಿ ಪಂಚೆಗಿಂತ ಒಳ್ಳೆಯ ಬಟ್ಟೆ ನನಗೆ ಸಿಕ್ಕಿಲ್ಲ. ಬಿಸಿಲು ಬಿದ್ದ ಪಂಚೆ ಪೂರ್ತಿ ಬೆಳಗುತ್ತದೆ, ಆಗ ಕಿಟಕಿಯಷ್ಟು ಅಗಲದ ದೀಪ ಸಿಕ್ಕಂತೆ. ಬೆಳಕಿನ ಮೂಲ ಎಷ್ಟು ದೊಡ್ಡದೋ, ಎಷ್ಟು ಹತ್ತಿರವೋ, ನೆರಳು ಅಷ್ಟು ಮೆದು. ಕಿಟಕಿಗೆ ಬಣ್ಣದ ಪರದೆ ಇದ್ದರೆ ಪೂರ್ತಿ ಸರಿಸಿ, ಹಸಿರು ಪರದೆ ಮಗುವಿನ ಮುಖಕ್ಕೂ ಹಸಿರು ಬಳಿಯುತ್ತದೆ. ಸೊಳ್ಳೆ ಜಾಲರಿಯನ್ನೂ ತೆಗೆಯಿರಿ, ಅದು ತಿನ್ನುವ ಬೆಳಕು ಕಡಿಮೆಯೇನಲ್ಲ. ಆದರೆ ಗ್ರಿಲ್ ಇಲ್ಲದ ಫ್ಲಾಟ್ ಕಿಟಕಿಯನ್ನು ಮಾತ್ರ ಯಾವ ಫೋಟೋಗಾಗಿಯೂ ತೆರೆಯಬೇಡಿ. ಹಳೇ ಮನೆಗಳ ಕಬ್ಬಿಣದ ಸರಳಿನ ಬಗ್ಗೆ ಚಿಂತೆ ಬೇಡ. ನೇರ ಬಿಸಿಲಿಲ್ಲದಿದ್ದರೆ ಸರಳಿನ ನೆರಳು ಬೀಳುವುದೇ ಇಲ್ಲ.

ಮಗು ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಬೆಳಕು ಒಂದು ಪಕ್ಕದಿಂದ ಬರುವಂತೆ ಇದ್ದರೆ ನನಗೆ ಸಾಕು. ಒಳಗೆ ಹೋದಷ್ಟೂ ಬೆಳಕು ಬೇಗ ಬೇಗ ಕಡಿಮೆಯಾಗುತ್ತದೆ. ಇದರಿಂದ ಲಾಭವೂ ಇದೆ. ಮುಖದ ಮೇಲಿನ ಬೆಳಕನ್ನು ಅಳೆದು ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ, ಇಟ್ಟರೆ ಹಿಂದಿನ ಕೋಣೆ ತಾನಾಗೇ ಕಪ್ಪಾಗುತ್ತದೆ. ಮಡಚದೆ ಬಿದ್ದ ಬಟ್ಟೆ ರಾಶಿ, ಟಿವಿ ವೈರು, ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರ್ ಎಲ್ಲವೂ ಮಾಯ. ಮನೆ ಚೊಕ್ಕ ಮಾಡಿ ಸುಸ್ತಾಗಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿರುತ್ತೇನೆ. ಯಾರೂ ಕೇಳುವುದಿಲ್ಲ.

ನೆರಳಿನ ಪಕ್ಕ ತೀರಾ ಕಪ್ಪಾದರೆ ಅಲ್ಲೊಂದು ಥರ್ಮಕೋಲ್ ಹಾಳೆ ನಿಲ್ಲಿಸುತ್ತೇನೆ. ರೆಡ್ ಆಕ್ಸೈಡ್ ನೆಲದ ಮನೆಗಳಲ್ಲಿ ಅಂಬೆಗಾಲಿಡುವ ಮಗುವಿನ ಗಲ್ಲಕ್ಕೆ ಕೆಂಪು ಬಣ್ಣ ಏರುತ್ತದೆ. ಬಿಳಿ ಬೆಡ್‌ಶೀಟ್ ಹಾಸಿದರೆ ಹೋಗುತ್ತದೆ. ನಾನಂತೂ ಹಾಸುವುದಿಲ್ಲ. ನಮ್ಮ ಮೈಬಣ್ಣಕ್ಕೆ ಆ ಕೆಂಪು ಚೆನ್ನಾಗಿಯೇ ಒಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೆ ನಿಜವಾದ ಕಷ್ಟ ಶುರು. ಮಗು ಅಲ್ಲಿ ಕೂರಬೇಕಲ್ಲ! "ಇಲ್ಲಿ ಕೂತ್ಕೋ ಪುಟ್ಟಾ" ಅಂದರೆ ಯಾವ ಎರಡು ವರ್ಷದ ಮಗುವೂ ಕೂರುವುದಿಲ್ಲ. ಕೂತರೂ ಹಲ್ಲು ಕಿರಿದು ಒಂದು ಸುಳ್ಳು ನಗು ಕೊಡುತ್ತದೆ, ಅದು ಯಾರಿಗೆ ಬೇಕು? ಅದಕ್ಕೆ ನಾನು ಮಗುವನ್ನು ಕರೆಯುವುದಿಲ್ಲ, ಕೆಲಸವನ್ನು ಕಿಟಕಿ ಕೆಳಗೆ ಇಡುತ್ತೇನೆ. ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಒಂದು ಹಿಡಿ ಕಡ್ಲೆಪುರಿ. ಒಂದೊಂದೇ ಕಾಳು ಹೆಕ್ಕುವುದರಲ್ಲಿ ಮಗು ಮುಳುಗಿಬಿಡುತ್ತದೆ. ತಟ್ಟೆಗೆ ಬಿದ್ದ ಬೆಳಕು ಕೆಳಗಿನಿಂದ ಮುಖಕ್ಕೂ ಚಿಮ್ಮುತ್ತದೆ, ಅದು ಪುಕ್ಕಟೆ ಲಾಭ. ಇನ್ನೂ ಚಿಕ್ಕ ಮಕ್ಕಳಿಗೆ ಪುರಿ ಬೇಡ, ಗಂಟಲಿಗೆ ಸಿಕ್ಕೀತು. ಅವರಿಗೆ ಅಡುಗೆಮನೆಯ ಡಬ್ಬ, ಮುಚ್ಚಳ ಸಾಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಬಟಾಣಿ ಬಿಡಿಸುವ ಕೆಲಸ ಕೊಡುತ್ತೇನೆ. ಬಹಳ ಗಂಭೀರವಾಗಿ ಮಾಡುತ್ತಾರೆ.

ಇನ್ನೊಂದು ತೊಂದರೆ ನನ್ನ ಬೆನ್ನ ಹಿಂದೆ ಸೇರುವ ಜನ. ಅಪ್ಪ ಚಿಟಿಕೆ ಹೊಡೆಯುತ್ತಾರೆ, ಅತ್ತೆ ಗಿಲಕಿ ಅಲ್ಲಾಡಿಸುತ್ತಾರೆ, ಯಾರೋ "ಕಾಗೆ ನೋಡು, ಕಾಗೆ ನೋಡು" ಅನ್ನುತ್ತಾರೆ. ಮಗುವಿನ ಕಣ್ಣು ನಾಲ್ಕು ದಿಕ್ಕಿಗೆ. ಎಲ್ಲರನ್ನೂ ಮೆಲ್ಲಗೆ ಕಾಫಿಗೆ ಕಳಿಸಿ ಅಜ್ಜಿಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಅಜ್ಜಿಗೆ ಜಾಗ ನನ್ನ ಹಿಂದೆ ಅಲ್ಲ, ಕಿಟಕಿ ಪಕ್ಕ. ಬೆಳಕಿಗೆ ಅಡ್ಡ ಬರದಂತೆ ಒಂದು ಸ್ಟೂಲು. "ನೀವು ಸುಮ್ನೆ ಮಾತಾಡ್ತಾ ಇರಿ" ಅಂತೀನಿ. ಅಜ್ಜಿಯ ಮಾತಿಗೆ ಮಗು ತಲೆ ಎತ್ತಿದಾಗಲೆಲ್ಲ ಮುಖ ಕಿಟಕಿಗೆ ತಿರುಗುತ್ತದೆ. ಕಣ್ಣಿನಲ್ಲಿ ಕಿಟಕಿಯ ಪುಟ್ಟ ಬಿಳಿ ಚೌಕ ಮೂಡುತ್ತದೆ. ಕಾಡಿಗೆ ಹಚ್ಚಿದ ಕಪ್ಪು ಕಣ್ಣಿಗೆ ಆ ಹೊಳಪು ಇಲ್ಲದಿದ್ದರೆ ಜೀವವೇ ಇರುವುದಿಲ್ಲ. ನಾನು ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿರುತ್ತೇನೆ, ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರಕ್ಕೆ.

ಮೈಸೂರಿನವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರದಲ್ಲಿ ನಡೆದಿತ್ತು. ಮಕ್ಕಳ ಫೋಟೋ ತೆಗೆಯಬೇಕು ಅನ್ನುವವರಿಗೆ ಲೆನ್ಸ್ ಕೊಳ್ಳುವ ಮೊದಲು ಅವರ ಚಿತ್ರಗಳನ್ನು ನೋಡಿ ಅಂತೀನಿ.

ಲೆನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕೋಣೆಗಳು ಚಿಕ್ಕವು, 50 ಎಂಎಂ ಹಾಕಿದರೆ ಬೆನ್ನು ಗೋಡೆಗೆ ತಾಗುತ್ತದೆ. ನನಗೆ ಹೆಚ್ಚು ಅಗಲ ಹಿಡಿಯುವ 35 ಎಂಎಂ ಅನುಕೂಲ. ಲೆನ್ಸಿನ ಬಾಯಿ ಒಂದೇ ಮಗುವಾದರೆ ಎಫ್/2 (ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು), ಅಣ್ಣ ತಂಗಿ ಇಬ್ಬರಿದ್ದರೆ ಎಫ್/4ರ ಹತ್ತಿರ, ಇಲ್ಲದಿದ್ದರೆ ಒಬ್ಬರ ಮುಖ ಮಸುಕು. ಶಟರ್ 1/250 ಸೆಕೆಂಡಿಗಿಂತ ನಿಧಾನ ಮಾಡುವುದಿಲ್ಲ. ಅದಕ್ಕಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 3200ಕ್ಕೆ ಹೋದರೂ ಹೋಗಲಿ. ಸ್ವಲ್ಪ ನಾಯ್ಸ್, ಅಂದರೆ ಮರಳಿನಂಥ ಚುಕ್ಕಿಗಳು, ಬಂದರೆ ನಡೆಯುತ್ತದೆ, ಮುಖ ಅಲುಗಿದರೆ ನಡೆಯುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡು ಬೂದು ಮಾಡಲು ನೋಡುತ್ತದೆ. ಕಪ್ಪು ಹಿನ್ನೆಲೆ ಜಾಸ್ತಿ ಇದ್ದರೆ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ, ಆಗ ಎಕ್ಸ್‌ಪೋಶರ್ ಒಂದು ಸ್ಟಾಪ್ ತನಕ, ಅಂದರೆ ಅರ್ಧದಷ್ಟು ಬೆಳಕಿನವರೆಗೆ, ಇಳಿಸುತ್ತೇನೆ.

ಬೆಳ್ಳಗೆ ಅಂದಾಗ ನೆನಪಾಯಿತು. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅನ್ನುವ ಕೋರಿಕೆ ಈಗಲೂ ಬರುತ್ತದೆ. ನಾನು ಮಾಡಿಕೊಡುವುದಿಲ್ಲ. ಕಿಟಕಿ ಬೆಳಕಿನಲ್ಲಿ ಕಪ್ಪು ಮೈಬಣ್ಣದ ಕೆನ್ನೆ, ಹಣೆ, ಮೂಗಿನ ತುದಿ ಒಂದೊಂದೂ ಬೇರೆ ಬೇರೆಯಾಗಿ ಹೊಳೆಯುತ್ತವೆ. ಬಣ್ಣ ತಿಳಿ ಮಾಡಿದರೆ ಆ ಏರಿಳಿತವೆಲ್ಲ ಅಳಿಸಿಹೋಗುತ್ತದೆ.

ಬಾಣಂತಿ ಮನೆಯಲ್ಲಿ ಲೆಕ್ಕ ಬೇರೆ. ಎಣ್ಣೆ ನೀರು ಆದ ತಕ್ಷಣ ಮಗುವಿನ ಹಣೆ ಕನ್ನಡಿಯಂತೆ ಮಿರುಗುತ್ತದೆ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ ಎನ್ನುತ್ತೇನೆ. ಮಲಗಿದ ಮಗುವಿನ ತಲೆ ಕಿಟಕಿ ಕಡೆ, ಕಾಲು ಒಳಗೆ. ತಿರುಗಾಮುರುಗಾ ಆದರೆ ಬೆಳಕು ಗಲ್ಲದ ಕೆಳಗಿನಿಂದ ಬಂದು ಮೂಗಿನ ನೆರಳು ಹಣೆಗೆ ಏರುತ್ತದೆ. ಸಾಂಬ್ರಾಣಿ ಹೊಗೆ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಕಾಣುತ್ತದೆ, ನಿಜ. ಆದರೆ ಹೊಗೆ ಎಳೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ, ಫೋಟೋಕ್ಕಾಗಿ ಬೇಡ.

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಕಿಟಕಿ ಚಿಕ್ಕದು, ಬೆಳಕು ಬರುವುದು ಗಾಜಿನ ಹೆಂಚಿನಿಂದ. ಅದು ನೇರ ನೆತ್ತಿ ಮೇಲೆ ಬೀಳುತ್ತದೆ, ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ಅಂಥ ಕಡೆ ಬೆಳಕು ಬೀಳುವ ನೆಲಕ್ಕೇ ಬಿಳಿ ಬಟ್ಟೆ ಹಾಸಿ, ಮಗುವನ್ನು ಅದರ ಅಂಚಿನಲ್ಲಿ ಆಡಲು ಬಿಡುತ್ತೇನೆ. ಬಟ್ಟೆಯಿಂದ ಎದ್ದ ಬೆಳಕು ಮುಖ ತುಂಬುತ್ತದೆ.

ಇದಕ್ಕೆಲ್ಲ ದೊಡ್ಡ ಕ್ಯಾಮೆರಾ ಬೇಕೇ ಬೇಕು ಅಂತಿಲ್ಲ. ಫೋನಿನಲ್ಲಿ ಮಗುವಿನ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಎಕ್ಸ್‌ಪೋಶರ್ ಎರಡೂ ಲಾಕ್ ಆಗುತ್ತವೆ. ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಕೂಡ ಬೇಡ, ಕೆದರಿದ ಕೂದಲಿನ ಅಂಚನ್ನು ಅದು ಕತ್ತರಿ ಹಾಕಿದಂತೆ ಕತ್ತರಿಸುತ್ತದೆ. ಮಕ್ಕಳ ಕೂದಲು ಯಾವಾಗಲೂ ಕೆದರಿಯೇ ಇರುತ್ತದಲ್ವಾ?