ಅಬ್ಬಿ ನೀರಿನಲ್ಲಿ ಕೋರಿ ಮರಿ ಮಾಡಿಸಿದ ಅನುಭವ

ಮಲೆನಾಡಿನ ಮಳೆಗಾಲವನ್ನು ಕೋರಿ ಮೀನುಗಳು (ಕೋರಿಡೋರಸ್ ಎಂಬ, ತೊಟ್ಟಿಯ ತಳದಲ್ಲಿ ಓಡಾಡುವ ಮೀಸೆಯ ಸಣ್ಣ ಅಲಂಕಾರಿಕ ಮೀನುಗಳು) ದಾಟುವುದಿಲ್ಲ, ದಾಟಿದರೂ ಮೊಟ್ಟೆಯಿಡುವುದಿಲ್ಲ ಎಂಬ ಮಾತನ್ನು ಶಿವಮೊಗ್ಗದ ಅಂಗಡಿಗಳಲ್ಲಿಯೂ ಬೆಂಗಳೂರಿನ ಸಗಟು ವ್ಯಾಪಾರಿಗಳ ಬಳಿಯೂ ಸಾಕಷ್ಟು ಸಲ ಕೇಳಿದ್ದೇನೆ. ನೀರಿನ ಖನಿಜ ಸೋಸುವ ಆರ್.ಓ. ಯಂತ್ರ ಬೇಕು, ಪ್ರತಿ ತೊಟ್ಟಿಗೂ ಹೀಟರ್ ಬೇಕು, ವಿದೇಶದ ಫೀಡ್ ಬೇಕು, ಇವೇನೂ ಇಲ್ಲದೆ ಹಳ್ಳಿಯಲ್ಲಿ ಕುಳಿತು ದಕ್ಷಿಣ ಅಮೆರಿಕದ ಮೀನನ್ನು ಮರಿ ಮಾಡಿಸಲು ಹೊರಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಹೇಳಿದವರೂ ಇದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲ ಜಗುಲಿಯಲ್ಲಿ ಈಗ ಬ್ರಾಂಜ್ ಕೋರಿ, ಪೆಪ್ಪರ್ಡ್ ಕೋರಿ, ಬ್ರಿಸಲ್‌ನೋಸ್ ಎಂಬ ಸಣ್ಣ ಸಕ್ಕರ್ ಮೀನು ಮೂರೂ ಮಳೆಗಾಲದಲ್ಲಿಯೇ ಮೊಟ್ಟೆಯಿಡುತ್ತಿವೆ. ಆರ್.ಓ. ಯಂತ್ರ ಇಂದಿಗೂ ಬಂದಿಲ್ಲ; ಇದ್ದ ಹೀಟರುಗಳಲ್ಲಿ ಒಂದನ್ನು ಬಿಟ್ಟು ಉಳಿದವು ಅಟ್ಟ ಸೇರಿವೆ. ತೊಟ್ಟಿ ಸೈಕಲ್ ಮಾಡುವುದು (ಮೀನಿನ ಹೊಲಸಿನ ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯಾವನ್ನು ಫಿಲ್ಟರಿನಲ್ಲಿ ಬೆಳೆಸುವುದು), ಸ್ಪಂಜ್ ಫಿಲ್ಟರ್ ಕೂರಿಸುವುದು ಇದನ್ನು ಓದುವವರಿಗೆಲ್ಲ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ಎಲ್ಲಿ ಪೆಟ್ಟು ಬಿತ್ತು, ಎಲ್ಲಿ ದುಡ್ಡು ಹೋಯಿತು, ಕೊನೆಗೆ ಯಾವುದು ಕೈ ಹಿಡಿಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲ ತಂಡ ಸತ್ತದ್ದು ಚಳಿಯಿಂದಲ್ಲ, ಮೈಲುತುತ್ತದಿಂದ. ಆಗ ತೊಟ್ಟಿಗಳಿಗೆ ತೋಟದ ಕೆಳಗಿನ ಬಾವಿಯ ನೀರನ್ನು ಹಾಕುತ್ತಿದ್ದೆ. ಜೂನ್ ತಿಂಗಳಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು ಅಡಿಕೆ ಬೆಳೆಗಾರರ ಮನೆಗಳಲ್ಲಿ ತಪ್ಪದ ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಗೊನೆಯ ಮೇಲೆ ಬಿದ್ದಷ್ಟೇ ನೆಲಕ್ಕೂ ಬೀಳುತ್ತದೆ, ಮರುದಿನದ ಮಳೆಗೆ ಇಳಿಜಾರು ಹಿಡಿದು ಬಾವಿಗೂ ಸೇರುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಮನುಷ್ಯರಿಗೆ ಗೊತ್ತೇ ಆಗದಷ್ಟಿದ್ದರೂ ಮೀನಿಗೆ ವಿಷವಾಗುತ್ತದೆ. ಅದರಲ್ಲಿಯೂ ನಮ್ಮಲ್ಲಿನಂಥ ಖನಿಜ ಕಡಿಮೆಯ ಮೆದು ನೀರಿನಲ್ಲಿ ಅದರ ಪೆಟ್ಟು ಹೆಚ್ಚು. ಕೋರಿಗಳಿಗೆ ಬೇರೆ ಮೀನುಗಳಂತೆ ಹುರುಪೆಯಿಲ್ಲ. ಪಕ್ಕೆಗಳ ಮೇಲೆ ಎಲುಬಿನ ಫಲಕಗಳಿದ್ದರೂ ಹೊಟ್ಟೆ ಬರಿದಾಗಿಯೇ ಇರುತ್ತದೆ. ನನಗೆ ಸುಳಿವು ಕೊಟ್ಟದ್ದು ಬಸವನಹುಳುಗಳು. ಗಾಜಿಗೆ ಕಚ್ಚಿಕೊಂಡಿರುತ್ತಿದ್ದ ರ‍್ಯಾಮ್ಸ್‌ಹಾರ್ನ್ ಹುಳುಗಳೆಲ್ಲ ಕಳಚಿ ಮರಳಿನ ಮೇಲೆ ಬಾಯಿ ಮೇಲಾಗಿ ಬಿದ್ದಿದ್ದವು, ಅದಾದ ಮೇಲೆಯೇ ಕೋರಿಗಳು ಬಣ್ಣ ಕಳೆದುಕೊಂಡು ಕಿವಿರು ಬಡಿಯತೊಡಗಿದವು. ಇದನ್ನು ಫೋನಿನಲ್ಲಿ ವಿವರಿಸಿದಾಗ ಒಬ್ಬ ವ್ಯಾಪಾರಿ ಬಿಳಿ ಚುಕ್ಕೆ ರೋಗವೆಂದು ತೀರ್ಮಾನಿಸಿ ಮ್ಯಾಲಕೈಟ್ ಗ್ರೀನ್ ಕಳುಹಿಸಿದರು. ಉಳಿದಿದ್ದವುಗಳನ್ನು ಆ ಔಷಧಿ ಮುಗಿಸಿತು. ಮೀನು, ಔಷಧಿ, ಅವರ ಮಾತಿನಂತೆ ಕೊಂಡ ಹೀಟರುಗಳು ಎಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು ಹೋಗಿರಬೇಕು.

ಅಲ್ಲಿಂದ ಮುಂದೆ ತೊಟ್ಟಿಗಳಿಗೆ ಅಬ್ಬಿ ನೀರೇ, ಅಂದರೆ ಬೆಟ್ಟದ ಝರಿಯ ನೀರೇ ಗತಿಯಾಯಿತು. ನಮ್ಮ ಅಬ್ಬಿ ಇರುವುದು ತೋಟಕ್ಕಿಂತ ಮೇಲೆ, ಸೊಪ್ಪಿನ ಬೆಟ್ಟದ ಒಳಗೆ. ಅಲ್ಲಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿಗೆ ಔಷಧಿಯ ಸೋಂಕಿಲ್ಲ, ಕ್ಲೋರಿನ್ ಇಲ್ಲ, ನೀರಿನಲ್ಲಿ ಕರಗಿದ ಖನಿಜ ಅಳೆಯುವ ಟಿ.ಡಿ.ಎಸ್. ಮೀಟರಿನಲ್ಲಿ ಮೂವತ್ತು ನಲವತ್ತರ ನಡುವೆ ತೋರಿಸುತ್ತದೆ. ಪಟ್ಟಣದವರು ಆರ್.ಓ. ಯಂತ್ರ ಇಟ್ಟು, ಮೂರು ಪಾಲು ನೀರು ಚೆಲ್ಲಿ ಪಡೆಯುವುದು ಇಂಥ ನೀರನ್ನೇ. ಪೈಪಿಗೆ ಒಂದು ಕವಲು ಕೊಟ್ಟು, ತೋಟದಲ್ಲಿ ಉಳಿದಿದ್ದ ಡ್ರಿಪ್ ನಳಿಗೆಗಳನ್ನು ಪ್ರತಿ ತೊಟ್ಟಿಯ ಮೇಲೂ ಇಳಿಬಿಟ್ಟೆ, ತೊಟ್ಟಿಯ ಅಂಚಿನಲ್ಲಿ ತೂತು ಕೊರೆದು ಹೆಚ್ಚಾದ ನೀರು ಹಿತ್ತಿಲಿನ ಬಸಳೆ ಚಪ್ಪರದ ಬುಡಕ್ಕೆ ಹೋಗುವಂತೆ ಮಾಡಿದೆ. ಗಾಳಿಮಳೆಗೆ ಕಂಬ ಉರುಳಿ ವಾರಗಟ್ಟಲೆ ಕರೆಂಟ್ ಇಲ್ಲದಿದ್ದಾಗಲೂ ಈ ಹನಿ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಕೋರಿ ಸಾಯುತ್ತದೆಂಬ ಭಯ ಅನೇಕರಿಗಿದೆ, ಆದರೆ ಅದು ಮೇಲೆ ಬಂದು ಗಾಳಿ ನುಂಗಿ ಕರುಳಿನಲ್ಲಿಯೇ ಉಸಿರಾಡಬಲ್ಲ ಮೀನು. ಮೊದಲು ಸಾಯುವುದು ಸ್ಪಂಜಿನೊಳಗಿನ ಬ್ಯಾಕ್ಟೀರಿಯಾ, ಅದರ ಹಿಂದೆ ಅಮೋನಿಯ ಏರಿ ಮೀನು. ಹನಿ ನೀರಿನ ವ್ಯವಸ್ಥೆ ಈ ಎರಡನ್ನೂ ತಡೆಯಿತು. ಒಟ್ಟು ಖರ್ಚು ಎರಡು ಸಾವಿರ ದಾಟಲಿಲ್ಲ.

ಅಬ್ಬಿ ನೀರಿಗೂ ಒಂದು ದೋಷವಿದೆ. ಅದರಲ್ಲಿ ಖನಿಜ ಎಷ್ಟು ಕಡಿಮೆಯೆಂದರೆ, ಹನಿ ನಿಲ್ಲುವ ಬೇಸಗೆಯಲ್ಲಿ ತೊಟ್ಟಿಯ ಪಿ.ಎಚ್. ಆರಕ್ಕಿಂತ ಕೆಳಗೆ ಕುಸಿದು ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿಬಿಡುತ್ತದೆ. ಕೋಳಿಮೊಟ್ಟೆಯ ಸಿಪ್ಪೆ ಹಾಕಿ ನೋಡಿದೆ, ಅದು ನಾರುತ್ತದೆಯೇ ಹೊರತು ಪಿ.ಎಚ್. ಹಿಡಿದು ನಿಲ್ಲಿಸುವುದಿಲ್ಲ. ಕುಂದಾಪುರದ ಕಡೆಯ ನೆಂಟರು ತಂದುಕೊಟ್ಟ ಮರುವಾಯಿ ಚಿಪ್ಪನ್ನು ಒಡೆದು, ಬಟ್ಟೆಯ ಚೀಲದಲ್ಲಿ ಒಂದು ಹಿಡಿಯಷ್ಟು ಕಟ್ಟಿ ನೀರು ಬೀಳುವ ಜಾಗದಲ್ಲಿ ತೂಗುಹಾಕಿದ ಮೇಲೆ ಪಿ.ಎಚ್. ಆರೂವರೆಯ ಸುತ್ತ ನಿಂತಿದೆ.

ಇನ್ನು ಆಹಾರದ ವಿಷಯ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆ ಸಾಯುವ ಕೋರಿಗಳಲ್ಲಿ ಹೆಚ್ಚಿನವು ಹಸಿವಿನಿಂದ ಸಾಯುತ್ತವೆ. ತೊಟ್ಟಿಯ ಕಸ ತಿಂದು ಬದುಕುವ ಕ್ಲೀನರ್ ಮೀನೆಂದು ಹೇಳಿ ಮಾರುತ್ತಾರೆ, ಕೊಂಡವರು ಮೇಲೆ ಈಜುವ ಮೀನುಗಳಿಗೆ ತೇಲುವ ಕಾಳು ಹಾಕಿ ದೀಪ ಆರಿಸುತ್ತಾರೆ, ತಳಕ್ಕೆ ಏನೂ ಮುಟ್ಟುವುದಿಲ್ಲ. ಕೋರಿಯನ್ನು ಮೇಲಿನಿಂದ ನೋಡಬೇಕು: ತಲೆಯ ಹಿಂದೆ ಮೈ ಕಿರಿದಾಗಿದ್ದರೆ ಅದು ಉಪವಾಸವಿದೆ, ಕಿವಿರಿನ ಹಿಂದೆ ಎರಡೂ ಕಡೆ ಉಬ್ಬಿದ್ದರೆ ಮೊಟ್ಟೆ ತುಂಬಿಕೊಳ್ಳುತ್ತಿರುವ ಹೆಣ್ಣು. ನಾನು ದೀಪ ಆರಿಸಿ ಅರ್ಧ ಗಂಟೆ ಕಳೆದ ಮೇಲೆ ಮುಳುಗುವ ಆಹಾರ ಹಾಕುತ್ತೇನೆ. ತಳಕ್ಕೆ ತುಂಗೆಯ ಸಣ್ಣ ಮರಳನ್ನು ಜರಡಿ ಹಿಡಿದು ಎರಡು ಬೆರಳಷ್ಟು ಹಾಸಿದ್ದೇನೆ. ಕೋರಿ ಅದರೊಳಗೆ ಕಣ್ಣಿನವರೆಗೆ ಮೂತಿ ತೂರಿಸಿ, ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಎರಡು ಸಣ್ಣ ಧಾರೆಯಾಗಿ ಹೊರಬಿಡುತ್ತದೆ. ಜಲ್ಲಿ ಹಾಕಿದ ತೊಟ್ಟಿಗಳಲ್ಲಿ ಈ ಕೆಲಸ ನಡೆಯದೆ ಆಹಾರ ಸಂದಿಯಲ್ಲಿ ಕೊಳೆತು ಮೀಸೆ ಸವೆದುಹೋಗುವುದನ್ನು ಬಹಳ ಕಡೆ ನೋಡಿದ್ದೇನೆ.

ಮನೆಯ ಫೀಡ್ ಹೀಗೆ ಮಾಡುತ್ತೇನೆ. ಸಂತೆಯಲ್ಲಿ ಸಿಗುವ ಒಣ ಸಿಗಡಿಯನ್ನು ಉಪ್ಪು ಹೋಗುವ ತನಕ ನೆನೆಸಿ ತೊಳೆದು, ಅದರ ಅರ್ಧದಷ್ಟು ಬೇಯಿಸಿದ ಬಸಳೆ, ಒಂದು ಹಿಡಿ ಕೆಂಪು ಹರಿವೆ, ಸಿಪ್ಪೆ ತೆಗೆದ ಬಟಾಣಿ ಸೇರಿಸಿ ನುಣ್ಣಗೆ ರುಬ್ಬಿ, ಜೆಲಾಟಿನ್ ಕರಗಿಸಿ ಬೆರೆಸಿ ತಟ್ಟೆಯಲ್ಲಿ ಹೊಯ್ದು ಫ್ರಿಜ್ಜಿನಲ್ಲಿಟ್ಟರೆ ಬರ್ಫಿಯ ಹಾಗೆ ಗಟ್ಟಿಯಾಗುತ್ತದೆ. ಜೆಲಾಟಿನ್ ಬದಲು ಚೈನಾ ಗ್ರಾಸ್ ಹಾಕಿದರೆ ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ನನ್ನ ಕೋರಿಗಳು ಅದನ್ನು ಅಷ್ಟಾಗಿ ಇಷ್ಟಪಡಲಿಲ್ಲ. ಇದಕ್ಕೆ ಇನ್ನೊಂದು ವಸ್ತುವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ, ಹೆಣ್ಣುಗಳು ಬೇಗ ತುಂಬಿಕೊಳ್ಳುವುದು ಅದರಿಂದಲೇ ಎಂಬುದು ನನ್ನ ನಂಬಿಕೆ. ಅದೊಂದನ್ನು ಇಲ್ಲಿ ಬರೆಯುವುದಿಲ್ಲ. ತಿಂಗಳಿಗೆ ಆಗುವಷ್ಟು ಫೀಡಿಗೆ ಇನ್ನೂರು ರೂಪಾಯಿಯೂ ಬೀಳುವುದಿಲ್ಲ, ಅಷ್ಟೇ ತೂಕದ ವಿದೇಶಿ ವೇಫರ್‌ಗೆ ಅದರ ನಾಲ್ಕು ಪಟ್ಟು ಬೇಕು.

ಆದರೂ ಮೊಟ್ಟೆಗೆ ಸಿದ್ಧಮಾಡಲು ಎರೆಹುಳುವಿನಷ್ಟು ಒಳ್ಳೆಯ ಆಹಾರ ಮತ್ತೊಂದಿಲ್ಲ. ಎರೆಗೊಬ್ಬರದ ಗುಂಡಿಯ ಕೆಂಪು ಹುಳು ಬೇಡ; ಅದು ಮುಟ್ಟಿದರೆ ಹಳದಿ ನಾತದ ರಸ ಬಿಡುತ್ತದೆ, ಕೋರಿ ಬಾಯಿಗಿಟ್ಟು ಉಗುಳುತ್ತದೆ. ಔಷಧಿ ಹೊಡೆಯದ ಹಿತ್ತಿಲಿನ ಮಣ್ಣಿನ ಹುಳುಗಳನ್ನು ಒಂದು ರಾತ್ರಿ ಒದ್ದೆ ಗೋಣಿಯಲ್ಲಿಟ್ಟು ಹೊಟ್ಟೆಯ ಮಣ್ಣು ಹೋದ ಮೇಲೆ ಸಣ್ಣಗೆ ಕತ್ತರಿಸಿ ಹಾಕಬೇಕು. ಸೊಳ್ಳೆ ಮರಿಯೂ ಚೆನ್ನಾಗಿ ಒಪ್ಪುತ್ತದೆ, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿನಲ್ಲಿ ಬೇಕಾದಷ್ಟು ಸಿಗುತ್ತದೆ. ಇದನ್ನು ಹೆಚ್ಚಿಸಲು ಒಂದು ಡ್ರಮ್ಮಿನಲ್ಲಿ ನೀರಿಟ್ಟಿದ್ದಾಗ ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಅದರೊಳಗೆ ಬಗ್ಗಿ ನೋಡಿ, ‘ಅಣ್ಣಾ, ನೀವೇ ಹೀಗೆ ಸೊಳ್ಳೆ ಸಾಕಿದ್ರೆ ನಾವು ಊರಲ್ಲಿ ಯಾರಿಗೆ ಹೇಳೋದು?’ ಎಂದು ಕೇಳಿ ನನ್ನೆದುರಿಗೇ ಡ್ರಮ್ ಮಗುಚಿ ಹಾಕಿದರು. ಡೆಂಗಿ ಇರುವ ಊರಿನಲ್ಲಿ ಅವರ ಮಾತಿಗೆ ಎದುರಾಡುವಂತಿರಲಿಲ್ಲ, ಆ ಪ್ರಯೋಗ ಅಲ್ಲಿಗೆ ನಿಂತಿತು.

ಮೊಟ್ಟೆಯಿಡಿಸುವ ಕ್ರಮದಲ್ಲಿ ಗುಟ್ಟೇನೂ ಇಲ್ಲ, ಅಬ್ಬಿಯನ್ನು ಅನುಸರಿಸಿದರೆ ಸಾಕು. ಏಪ್ರಿಲ್ ಮೇ ತಿಂಗಳಲ್ಲಿ ಅಬ್ಬಿ ದಾರದಷ್ಟು ಸಣ್ಣಗಾಗುತ್ತದೆ. ಆಗ ನೀರು ಬದಲಿಸುವುದನ್ನು ಬಹುತೇಕ ನಿಲ್ಲಿಸಿ, ಆಹಾರವನ್ನು ಅರ್ಧಕ್ಕೆ ಇಳಿಸುತ್ತೇನೆ. ನೀರು ಇಪ್ಪತ್ತೆಂಟು ಡಿಗ್ರಿಯವರೆಗೆ ಬೆಚ್ಚಗಾಗುತ್ತದೆ. ಕೋರಿಗಳ ತವರಿನಲ್ಲಿಯೂ ಒಣಗಾಲ ಹೀಗೆಯೇ ಇರುತ್ತದೆ. ಮೇ ಕೊನೆಯ ವಾರದಿಂದ ಎರೆಹುಳು ಶುರು. ಮಳೆ ಹಿಡಿದ ಮೊದಲ ಕೆಲವು ದಿನಗಳ ಕೆಂಪು ನೀರನ್ನು ಹೊರಗೆ ಬಿಟ್ಟು, ಅಬ್ಬಿ ತಿಳಿಯಾದ ಮೇಲೆ ಒಂದು ಸಂಜೆ ಅರ್ಧ ತೊಟ್ಟಿ ಖಾಲಿ ಮಾಡಿ ನಳಿಗೆಯನ್ನು ಪೂರ್ತಿ ತೆರೆಯುತ್ತೇನೆ. ಒಂದೆರಡು ಗಂಟೆಯಲ್ಲಿ ನೀರು ನಾಲ್ಕೈದು ಡಿಗ್ರಿ ಇಳಿಯುತ್ತದೆ. ಆಗುಂಬೆಯ ಕಡೆಯಿಂದ ದಟ್ಟ ಮೋಡ ಏರಿ ಬರುವ ದಿನವನ್ನೇ ಇದಕ್ಕೆ ಆರಿಸುತ್ತೇನೆ, ಏಕೆಂದರೆ ವಾಯುಭಾರ ಕುಸಿಯುವ ದಿನ ಕೋರಿಗಳಿಗೆ ಹುರುಪು ಹೆಚ್ಚು. ಸಾಮಾನ್ಯವಾಗಿ ಮರುದಿನ ಬೆಳಿಗ್ಗೆಯೇ ಗಂಡುಗಳು ಹೆಣ್ಣಿನ ಹಿಂದೆ ಗಾಜಿನುದ್ದಕ್ಕೂ ಓಡುತ್ತಿರುತ್ತವೆ. ಹೆಣ್ಣು ಗಂಡಿನ ಹೊಟ್ಟೆಗೆ ಮೂತಿ ಒತ್ತಿ ಕ್ಷಣಕಾಲ ಅಲುಗಾಡದೆ ನಿಂತು, ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆ ಮಾಡಿ ಅದರಲ್ಲಿ ಎರಡು ಮೂರು ಮೊಟ್ಟೆ ಹಿಡಿದು, ಗಾಜನ್ನು ಬಾಯಿಂದ ಸವರಿ, ಅಲ್ಲಿಗೆ ಅಂಟಿಸಿ ಮತ್ತೆ ಗಂಡಿನ ಬಳಿಗೆ ಹೋಗುತ್ತದೆ. ಒಂದು ದೊಡ್ಡ ಹೆಣ್ಣು ನೂರರಿಂದ ನೂರೈವತ್ತು ಮೊಟ್ಟೆ ಅಂಟಿಸುತ್ತದೆ. ಇದರಲ್ಲಿ ಪೆಪ್ಪರ್ಡ್ ಕೋರಿಯೇ ಸುಲಭ. ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಸಂಗ್ರಹಿಸಿ, 1842ರಲ್ಲಿ ನಿಸರ್ಗ ವಿಜ್ಞಾನಿ ಜೆನಿನ್ಸ್ ಹೆಸರಿಟ್ಟ ಈ ಮೀನು ಅರ್ಜೆಂಟೀನಾ, ಉರುಗ್ವೆ ಕಡೆಯ ಚಳಿ ಕಂಡದ್ದು. ನಮ್ಮ ಜುಲೈನ ಇಪ್ಪತ್ತೊಂದು ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಸ್ಟರ್ಬಾಯ್ ಎಂಬ ಇನ್ನೊಂದು ಕೋರಿ ಮಾತ್ರ ಬೆಚ್ಚಗಿನ ನೀರಿನ ಜಾತಿ, ಉಳಿಸಿಕೊಂಡ ಒಂದು ಹೀಟರ್ ಇರುವುದು ಅದಕ್ಕೇ. ಅದಿನ್ನೂ ನನಗೆ ಒಲಿದಿಲ್ಲ.

ಮೊಟ್ಟೆಗಳನ್ನು ಬೆರಳಿನಿಂದ ಮೆಲ್ಲನೆ ಉರುಳಿಸಿ ಬಿಡಿಸಿ ಬೇರೆ ಡಬ್ಬಿಗೆ ಹಾಕದಿದ್ದರೆ ತಾಯಿಯೇ ತಿನ್ನುತ್ತದೆ. ಮೊದಲ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊಟ್ಟೆಗಳು ಬಿಳಿಚಿಕೊಂಡು ಬೂಸ್ಟು ಹಿಡಿದವು, ಬೂಸ್ಟು ತಡೆಯುವ ಮೆಥಿಲೀನ್ ಬ್ಲೂ ಹಾಕಿದರೂ ದೊಡ್ಡ ವ್ಯತ್ಯಾಸವಾಗಲಿಲ್ಲ. ಬೂಸ್ಟು ತಡೆಯಲು ಒಣಗಿದ ಕಾಡುಬಾದಾಮಿ ಎಲೆ ಎಲ್ಲರೂ ಹಾಕುತ್ತಾರೆ, ನಾನು ಸೊಪ್ಪಿನ ಬೆಟ್ಟದ ಬೇರೊಂದು ಮರದ ಒಣಗಿದ ಎಲೆ ಹಾಕುತ್ತೇನೆ. ಈಗ ನೂರಕ್ಕೆ ಎಂಬತ್ತು ಮೊಟ್ಟೆಯಾದರೂ ಒಡೆಯುತ್ತವೆ. ಮರದ ಹೆಸರು ಸದ್ಯಕ್ಕೆ ನನ್ನಲ್ಲಿಯೇ ಇರಲಿ. ನಾಲ್ಕನೆಯ ದಿನದ ಹೊತ್ತಿಗೆ ಮರಿ ಹೊರಬಂದು, ಇನ್ನೆರಡು ಮೂರು ದಿನ ಹೊಟ್ಟೆಗಂಟಿದ ಹಳದಿಯ ಭಂಡಾರದಲ್ಲಿ ಬದುಕುತ್ತದೆ. ಆಮೇಲೆ ಮೈಕ್ರೋವರ್ಮ್ ಎಂಬ ಸಣ್ಣ ಹುಳು ಮತ್ತು ಆರ್ಟೀಮಿಯ ಎಂಬ ಉಪ್ಪುನೀರಿನ ಸಿಗಡಿಯಂಥ ಜೀವಿಯ ಮರಿ. ಮೈಕ್ರೋವರ್ಮನ್ನು ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆಸಲು ನೋಡಿದರೆ ಮಳೆಗಾಲದಲ್ಲಿ ಹುಳಿದು ಬೂಸ್ಟು ಬರುತ್ತಿತ್ತು, ಗಟ್ಟಿಯಾಗಿ ಕಾಸಿದ ರಾಗಿ ಹಿಟ್ಟಿನಲ್ಲಿ ಎರಡು ವಾರ ಚೆನ್ನಾಗಿ ಬರುತ್ತದೆ. ಆರ್ಟೀಮಿಯದ ಒಣ ಮೊಟ್ಟೆ ದುಬಾರಿ, ನೂರು ಗ್ರಾಮಿಗೇ ಸಾವಿರದ ಹತ್ತಿರ. ಜುಲೈನ ಥಂಡಿಯಲ್ಲಿ ಅದು ಸರಿಯಾಗಿ ಒಡೆಯದೆ ಅರ್ಧ ಹಾಳಾಗುತ್ತಿತ್ತು. ಮಲೆನಾಡಿನ ಮನೆಗಳಲ್ಲಿ ಮಳೆಗಾಲವಿಡೀ ತಣ್ಣಗಾಗದ ಜಾಗ ಬಚ್ಚಲೊಲೆಯ ಕಟ್ಟೆ. ಆರ್ಟೀಮಿಯದ ಬಾಟಲಿಯನ್ನು ಅಲ್ಲಿ ಹಂಡೆಯಿಂದ ಒಂದು ಮೊಳ ದೂರದಲ್ಲಿಟ್ಟ ಮೇಲೆ ಒಂದು ದಿನಕ್ಕೆ ಸರಿಯಾಗಿ ಒಡೆಯುತ್ತಿದೆ.

ಬ್ರಿಸಲ್‌ನೋಸ್ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ, ಅದು ಮನಸ್ಸು ಮಾಡಿದರೆ ತಾನೇ ಮರಿ ಮಾಡುತ್ತದೆ. ಮೊಟ್ಟೆಯಿಡುವ ಗವಿಗೆಂದು ಬಿದಿರಿನ ಅಂಡೆ ಇಟ್ಟಿದ್ದು ಕೆಲವೇ ತಿಂಗಳಲ್ಲಿ ಕೊಳೆಯಿತು. ಕುಂಬಾರರಿಗೆ ಹೇಳಿ ಒಂದು ಬದಿ ಮುಚ್ಚಿದ ಮಣ್ಣಿನ ಕೊಳವೆಗಳನ್ನು ಮಾಡಿಸಿದೆ, ಒಂದಕ್ಕೆ ಮೂವತ್ತು ರೂಪಾಯಿ. ಗಂಡು ಅದರೊಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲಿಗೆ ರೆಕ್ಕೆ ಬೀಸುತ್ತ ಕಾವಲು ಕೂರುತ್ತದೆ. ತರಕಾರಿಯಲ್ಲಿ ಮೊಗೆಕಾಯಿ, ಸೌತೆ, ಹೀರೆ ಮೂರನ್ನೂ ಅರೆಬೇಯಿಸಿ ಸ್ಟೀಲ್ ಚಮಚಕ್ಕೆ ಚುಚ್ಚಿ ಮುಳುಗಿಸುತ್ತೇನೆ. ಬೇಯಿಸಿದ ಹಲಸಿನ ಬೀಜವನ್ನು ಅವು ಸಂಭ್ರಮದಿಂದ ತಿಂದವು, ಆದರೆ ಬೆಳಗಾಗುವಷ್ಟರಲ್ಲಿ ನೀರು ಗಂಜಿಯಾಗಿತ್ತು. ಬಾಳೆದಿಂಡನ್ನು ಮೂಸಿಯೂ ನೋಡಲಿಲ್ಲ. ಪೇರಲೆಯ ಒಣ ಬೇರು ಒಂದಾದರೂ ತೊಟ್ಟಿಯಲ್ಲಿರಲಿ, ದಿನವಿಡೀ ಕೆರೆಯುತ್ತವೆ. ಇವುಗಳ ದೊಡ್ಡ ನೆಂಟನಾದ ಸಾಮಾನ್ಯ ಸಕ್ಕರ್ ಮೀನನ್ನು ನಾನು ಸಾಕಲೆಂದು ಕೊಳ್ಳುವುದಿಲ್ಲ; ಒಂದು ಅಡಿ ದಾಟಿದ ಮೇಲೆ ಜಾಗವಿಲ್ಲವೆಂದು ತುಂಗೆಗೆ ಬಿಡಲು ಹೊರಟವರಿಂದ ಎರಡು ಮೂರನ್ನು ಇಸಿದುಕೊಂಡು ಸಿಮೆಂಟ್ ತೊಟ್ಟಿಯಲ್ಲಿ ಇಟ್ಟಿದ್ದೇನೆ. ಕೇರಳದ, ಬಂಗಾಳದ ನೀರುಗಳಲ್ಲಿ ಅವು ನೆಲೆಯೂರಿರುವುದನ್ನು ತಿಳಿದವರು ಹೊಳೆಗೆ ಬಿಡಲಾರರು.

ಲೆಕ್ಕ ಹೇಳುವುದಾದರೆ, ಒಂದಿಂಚಿನ ಬ್ರಾಂಜ್ ಕೋರಿಗೆ ಸಗಟಿನಲ್ಲಿ ಮೂವತ್ತು ಮೂವತ್ತೈದು, ಬ್ರಿಸಲ್‌ನೋಸಿಗೆ ನೂರರ ಸುತ್ತ ಸಿಗುತ್ತದೆ. ಕಳೆದ ಮಳೆಗಾಲದ ಮರಿಗಳಿಂದ ನಲವತ್ತು ಸಾವಿರದ ಮೇಲೆ ಬಂದಿರಬಹುದು, ಖರ್ಚು ಕಳೆದು ಇಪ್ಪತ್ತೈದು ಉಳಿದಿರಬೇಕು. ಸಾಗಣೆಯಲ್ಲಿ ಆದ ನಷ್ಟ ಇದರಲ್ಲಿ ಸೇರಿಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿದ ಒಂದು ಪೆಟ್ಟಿಗೆ ಪೂರ್ತಿ ಸತ್ತು ತಲುಪಿತು: ಕೋರಿ ಗಾಬರಿಯಾದಾಗ ತಾನೇ ವಿಷ ಬಿಡುತ್ತದೆ, ಚೀಲದ ಸ್ವಲ್ಪ ನೀರಿನಲ್ಲಿ ಅದೇ ಎಲ್ಲವನ್ನೂ ಕೊಲ್ಲುತ್ತದೆ. ಈಗ ಎರಡು ದಿನ ಉಪವಾಸವಿಟ್ಟು, ಮೊದಲು ಬಕೆಟ್ಟಿನಲ್ಲಿ ಬಿಟ್ಟು ಅರ್ಧ ಗಂಟೆ ಓಡಾಡಿಸಿ, ನೊರೆ ಕಂಡ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೀಲಕ್ಕೆ ತುಂಬುತ್ತೇನೆ. ಅದರ ಎದೆಯ ಮುಳ್ಳು ನೆಟ್ಟಗೆ ನಿಂತರೆ ಪ್ಲಾಸ್ಟಿಕ್ ಚುಚ್ಚುವುದರಿಂದ ಎರಡು ಚೀಲ, ನಡುವೆ ಒಂದು ಹಾಳೆ ದಿನಪತ್ರಿಕೆ, ಮೂಲೆಗಳಿಗೆ ರಬ್ಬರ್ ಬ್ಯಾಂಡ್. ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ದೊಡ್ಡ ಗಾತ್ರದವನ್ನು ಒಂದು ಚೀಲಕ್ಕೆ ಹತ್ತಕ್ಕಿಂತ ಹೆಚ್ಚು ಹಾಕುವುದಿಲ್ಲ, ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ.