ಮುಖ ನೋಡಿ ಮಣೆ ಹಾಕದೆ ಕಂಪನಿಯನ್ನು ಅಳೆಯುವುದು ಹೇಗೆ?

ಷೇರು ಕೊಳ್ಳೋಣ ಎಂದು ಕಂಪನಿಯ ವಾರ್ಷಿಕ ವರದಿ ತೆರೆದರೆ ಮೊದಲ ಪುಟಗಳಲ್ಲೇ ಮುಖ್ಯಸ್ಥರ ದೊಡ್ಡ ಫೋಟೊ ಇರುತ್ತದೆ. ನೇರ ನೋಟ, ಗಟ್ಟಿ ದವಡೆ, ಒಪ್ಪವಾದ ಕೋಟು. ಸಾಲ ಎಷ್ಟಿದೆ, ದುಡ್ಡು ಎಷ್ಟು ಬಂತು ಎಂಬ ಲೆಕ್ಕ ಇರುವುದು ಕೊನೆಯ ಕಡೆ. ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮ ಮನಸ್ಸು ಅರ್ಧ ತೀರ್ಮಾನ ಮಾಡಿರುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ಮುಖ ಕಂಡರೆ ಸಾಕು, ನಂಬಬಹುದೋ ಇಲ್ಲವೋ ಎಂದು ಜನ ನಿರ್ಧರಿಸಿಬಿಡುತ್ತಾರೆ ಎಂದು 2006ರಲ್ಲಿ ಮನಶ್ಶಾಸ್ತ್ರಜ್ಞರಾದ ವಿಲ್ಲಿಸ್ ಮತ್ತು ಟೊಡೊರೊವ್ ತೋರಿಸಿದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗ್ರಹಾಂ, ಹಾರ್ವೆ, ಪುರಿ ಅವರಿಗೆ ಕಂಡದ್ದು ಇನ್ನೊಂದು: ಸಮರ್ಥರಂತೆ ಕಾಣುವ ಸಿಇಒಗಳಿಗೆ, ಅಂದರೆ ಕಂಪನಿ ಮುಖ್ಯಸ್ಥರಿಗೆ, ಸಂಬಳ ಜಾಸ್ತಿ, ಆದರೆ ಅವರ ಕಂಪನಿಗಳು ಹೆಚ್ಚು ಚೆನ್ನಾಗಿ ನಡೆದ ಕುರುಹು ಸಿಗಲಿಲ್ಲ. ಮುಖದಲ್ಲಿ ಅಧಿಕಾರದ ಕಳೆ ಇದ್ದವರ ಕಂಪನಿಗಳಲ್ಲಿ ಲಾಭ ಹೆಚ್ಚು ಎಂದು 2008ರ ಒಂದು ಅಧ್ಯಯನ ಹೇಳಿತ್ತು, ನಿಜ. ಆದರೆ ಲಾಭ ಮಾಡುವ ಕಂಪನಿಗಳೇ ಅಂಥ ಮುಖಗಳನ್ನು ಆರಿಸಿಕೊಂಡಿರಬಹುದು ಅಲ್ವಾ?

ಹಾಗಾಗಿ ಮೊದಲ ಹೆಜ್ಜೆ, ವರದಿಯನ್ನು ಹಿಂದಿನಿಂದ ಓದಿ. ನಗದು ಹರಿವಿನ ಪಟ್ಟಿ, ಅಂದರೆ ದುಡ್ಡು ಬಂದದ್ದು ಹೋದದ್ದರ ಲೆಕ್ಕ, ತೆರೆಯಿರಿ. ಐದು ವರ್ಷಗಳ ನಿವ್ವಳ ಲಾಭವನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ವ್ಯವಹಾರದಿಂದ ಕೈಗೆ ಬಂದ ನಗದು ಬರೆಯಿರಿ. ಮೇಲಿನ ಸಾಲು ಏರುತ್ತಾ, ಕೆಳಗಿನದು ಇಳಿಯುತ್ತಾ ಹೋಗಿದ್ದರೆ ಅಲ್ಲೇ ನಿಲ್ಲಿ. ಮಾರಿದ ಸರಕಿನ ದುಡ್ಡು ವಸೂಲಾಗಿಲ್ಲವೇ? ಗೋದಾಮಿನಲ್ಲಿ ಮಾಲು ಕೂತಿದೆಯೇ? ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ. ಯಾವ ನಗುಮುಖವೂ ಈ ಎರಡು ಸಾಲುಗಳನ್ನು ಬದಲಿಸಲಾರದು.

ಎರಡನೆಯದು, ಈ ಷೇರಿಗೆ ಎಷ್ಟು ಕೊಡಬಹುದು ಎಂದು ನಿಮಗೆ ಅನಿಸಿದ ಬೆಲೆಯನ್ನು ಕಾರಣದ ಜೊತೆ ಪೆನ್ನಿನಲ್ಲೇ ಬರೆದು, ತಾರೀಖು ಹಾಕಿ.

ಆಮೇಲೆ ಮುಖ್ಯಸ್ಥರ ಮಾತಿಗೆ ಬನ್ನಿ. ವಿಡಿಯೊ ಬೇಡ, ಅಕ್ಷರ ರೂಪದ ಪ್ರತಿ ಓದಿ. ಐಪಿಒಗೆ, ಅಂದರೆ ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದಕ್ಕೆ, ಮುಂಚೆ ಸಿಇಒಗಳು ಮಾತಾಡಿದ ವಿಡಿಯೊಗಳ 30 ಸೆಕೆಂಡಿನ ತುಣುಕುಗಳನ್ನು, ಪದಗಳು ಅರ್ಥವಾಗದಂತೆ ಮಾಡಿ, ಸಂಶೋಧಕರು ಜನರಿಗೆ ತೋರಿಸಿದ್ದರು. ಆ ಜನ ಮೆಚ್ಚಿದ ಸಿಇಒಗಳ ಕಂಪನಿಗಳಿಗೇ ಐಪಿಒ ಬೆಲೆಯೂ ಹೆಚ್ಚಾಗಿತ್ತು. ಒಂದು ಮಾತೂ ತಿಳಿಯದೆ!

ಸರಳ ಉಡುಪು ಕಂಡರೆ ಪ್ರಾಮಾಣಿಕರು ಅನ್ನಿಸುವುದೂ ಇದೇ ಬಲೆ. ರಕ್ತಪರೀಕ್ಷೆಯ ಕಂಪನಿ ಥೆರಾನೋಸ್‌ನ ಎಲಿಜಬೆತ್ ಹೋಮ್ಸ್ ಕಪ್ಪು ಹೈನೆಕ್ ತೊಡುತ್ತಿದ್ದರು. ಕ್ರಿಪ್ಟೊ ಕರೆನ್ಸಿ ವಹಿವಾಟಿನ ಕಂಪನಿ ಎಫ್‌ಟಿಎಕ್ಸ್‌ನ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ಕೆದರಿದ ಕೂದಲು, ಚಡ್ಡಿ, ಟೀ ಶರ್ಟಿನಲ್ಲೇ ಇರುತ್ತಿದ್ದರು. ಎರಡು ವೇಷವನ್ನೂ ಹೂಡಿಕೆದಾರರು ನಂಬಿದರು. ಹೋಮ್ಸ್ 2022ರಲ್ಲಿ, ಬ್ಯಾಂಕ್‌ಮನ್-ಫ್ರೈಡ್ 2023ರಲ್ಲಿ ವಂಚನೆಯ ಅಪರಾಧಿಗಳೆಂದು ತೀರ್ಪು ಬಂತು.

ವಿಡಿಯೊ ನೋಡುವುದು ಕೊನೆಗೆ. ನೋಡಿದ ಮೇಲೆ ನೀವು ಬರೆದ ಬೆಲೆ ಏರಿಸಬೇಕು ಅನ್ನಿಸಿತಾ? ಹಾಗಿದ್ದರೆ ಅದರ ಪಕ್ಕದಲ್ಲೇ ಹೊಸದಾಗಿ ತಿಳಿದ ಸಂಗತಿ ಯಾವುದು ಎಂದು ಬರೆಯಿರಿ. ಹೊಸ ಆರ್ಡರ್, ತೀರಿದ ಸಾಲ, ಹೀಗೆ ಏನಾದರೂ ಇರಬೇಕು. ಆ ಜಾಗ ಖಾಲಿ ಉಳಿದರೆ ಹೊಸ ಬೆಲೆಯನ್ನು ಹೊಡೆದುಹಾಕಿ, ಹಳೆಯದನ್ನೇ ಇಟ್ಟುಕೊಳ್ಳಿ.